ಕಂಪ್ಯೂಟರನ್ನು ಸ್ವಚ್ಛ ಮಾಡಿದ ವಾರ

ಅಥಣಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ ಮುಗಿಸಿಕೊಂಡು ನಾನು ಕೆಲಸಕ್ಕೆ ಮರಳಿದ ಸೋಮವಾರ, ಚಿಕ್ಕೋಡಿಯ ಆಸ್ಪತ್ರೆಯ ನನ್ನ ಕೋಣೆಯಲ್ಲಿದ್ದ ಕಂಪ್ಯೂಟರು ಗುರುತು ಸಿಗದಷ್ಟು ಚೊಕ್ಕಟವಾಗಿತ್ತು. ಕೀಬೋರ್ಡಿನ ಸಂದಿಗಳಲ್ಲಿ ಕೂತಿದ್ದ ಧೂಳು ಹೋಗಿತ್ತು. ಪರದೆಯ ಮೇಲೆ ಅಡ್ಡಾದಿಡ್ಡಿ ಬಿದ್ದಿರುತ್ತಿದ್ದ ಚಿಹ್ನೆಗಳು ಶಿಸ್ತಾಗಿ ಸಾಲು ಹಿಡಿದಿದ್ದವು. ಸಾಲಿನ ಕೊನೆಗೆ ನಾನು ಮೊದಲು ನೋಡಿರದ ಒಂದು ಚಿಹ್ನೆ ಇತ್ತು. ನೀಲಿ ಬಕೀಟು, ಅದರಿಂದ ಉಕ್ಕುತ್ತಿರುವ ನೊರೆ.

ಅದು ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರ ಸಣ್ಣ ಆಸ್ಪತ್ರೆ. ಎರಡು ಸಾವಿರದ ಇಸವಿ ಕಳೆದು ಹತ್ತು ವರ್ಷ ತುಂಬುತ್ತಿದ್ದ ಕಾಲ. ಕಿವಿ ಎಷ್ಟು ಕೇಳುತ್ತದೆಂದು ಪರೀಕ್ಷಿಸುವುದು, ಬೇಕಾದವರಿಗೆ ಕಿವಿ ಮಷಿನ್ ಹೊಂದಿಸಿಕೊಡುವುದು ನನ್ನ ಕೆಲಸ. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರು ಬರುತ್ತಿದ್ದರು. ಸಕ್ಕರೆ ಕಾರ್ಖಾನೆಯ ಗದ್ದಲದಲ್ಲಿ ಕಿವಿ ಕಳೆದುಕೊಂಡ ಗಂಡಸರು ಬರುತ್ತಿದ್ದರು. ರಾಯಬಾಗ, ಕಾಗವಾಡದ ಕಡೆಯ ವಯಸ್ಸಾದವರು ಮೊಮ್ಮಕ್ಕಳ ಕೈ ಹಿಡಿದು ಬರುತ್ತಿದ್ದರು. ಹೊಸ ತರಹದ ಮಷಿನ್‌ಗಳನ್ನು ಒಂದು ಸಣ್ಣ ಪೆಟ್ಟಿಗೆಯ ಮೂಲಕ ಕಂಪ್ಯೂಟರಿಗೆ ಜೋಡಿಸಬೇಕು. ಯಾವ ದನಿಯನ್ನು ಎಷ್ಟು ಏರಿಸಬೇಕು, ಯಾವುದನ್ನು ಇಳಿಸಬೇಕು ಎಂಬುದನ್ನು ಅಲ್ಲಿಂದಲೇ ಮಷಿನ್‌ಗೆ ತುಂಬಬೇಕು. ಆ ಕಂಪ್ಯೂಟರು ಕೆಲವು ತಿಂಗಳಿಂದ ಬಹಳ ನಿಧಾನವಾಗಿತ್ತು. ಬಟನ್ ಒತ್ತಿ, ಎದುರಿನ ಅಂಗಡಿಗೆ ಹೋಗಿ ಚಹಾ ಕುಡಿದು ಬಂದರೂ ಇನ್ನೂ ಏಳುತ್ತಲೇ ಇರುತ್ತಿತ್ತು. ಕಾಯುವವರು ಬಾಗಿಲಲ್ಲಿ ಇಣುಕಿ ನೋಡುವಾಗ ನನಗೆ ಮುಜುಗರವಾಗುತ್ತಿತ್ತು.

ನಾನು ರಜೆಯಲ್ಲಿದ್ದಾಗ ಡಾಕ್ಟರು ನಿಪ್ಪಾಣಿಯ ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದ್ದರು. ಆ ಭಾಗದ ಎಷ್ಟೋ ಕಚೇರಿಗಳ, ಅಂಗಡಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ, ಕರೆದ ದಿನವೇ ಬರುವ ನಂಬಿಕಸ್ತ ಮನುಷ್ಯ. ಅವರು ಹಾಕಿಹೋಗಿದ್ದು ರಿಜಿಸ್ಟ್ರಿ ಸ್ವಚ್ಛ ಮಾಡುವ ತಂತ್ರಾಂಶ. ಯಾವ ತಂತ್ರಾಂಶ ಎಲ್ಲಿದೆ, ಅದರ ಯಾವ ಭಾಗವನ್ನು ಹೇಗೆ ಕರೆಯಬೇಕು ಎಂದು ವಿಂಡೋಸ್ ತನಗಾಗಿ ಬರೆದಿಟ್ಟುಕೊಳ್ಳುವ ಜಾಗಕ್ಕೆ ರಿಜಿಸ್ಟ್ರಿ ಎನ್ನುತ್ತಾರೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಡಾಕ್ಟರು ಖುಷಿಯಲ್ಲಿದ್ದರು. ಹುಡುಕಾಟ ನಡೆದಾಗ ಪರದೆಯ ತುಂಬ ಕೆಂಪು ಅಕ್ಷರದಲ್ಲಿ ಸಾವಿರಕ್ಕೂ ಮೇಲೆ ತಪ್ಪುಗಳು ಕಂಡವಂತೆ, ಒಂದು ಬಟನ್ ಒತ್ತಿದೊಡನೆ ಎಲ್ಲವೂ ಹಸಿರಾದವಂತೆ. ಇಷ್ಟು ಹೊಲಸು ಇಟ್ಟುಕೊಂಡು ಅದು ಇಷ್ಟು ದಿನ ನಡೆದದ್ದೇ ದೊಡ್ಡದು ಎಂದು ಅವರು ನಕ್ಕರು. ನಾನೂ ನಕ್ಕೆ. ನಿಜಕ್ಕೂ ಅಂದು ಕಂಪ್ಯೂಟರು ಸ್ವಲ್ಪ ಬೇಗ ಎದ್ದಿತು.

ಬೀರುವಿನಿಂದ ಪೆಟ್ಟಿಗೆ ತೆಗೆದು ಜೋಡಿಸಿ, ಕಿವಿ ಮಷಿನ್‌ನ ತಂತ್ರಾಂಶ ತೆರೆದೆ. ಅದು ಅರ್ಧ ತೆರೆದು ನಿಂತಿತು. ನಡುವೆ ಒಂದು ಬೂದು ಚೌಕ ಮೂಡಿ 'ಕ್ಲಾಸ್ ನಾಟ್ ರಿಜಿಸ್ಟರ್ಡ್' ಎಂದಿತು. ಮುಚ್ಚಿ ತೆರೆದೆ, ತಂತಿ ಬದಲಿಸಿದೆ, ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಅದೇ ಚೌಕ, ಅದೇ ಮಾತು. ಹೊರಗೆ ಕಾಯುತ್ತಿದ್ದವರಿಗೆ ಪರೀಕ್ಷೆಯಷ್ಟೇ ಮಾಡಿ, ಮಷಿನ್ ಹೊಂದಿಸಲು ಎರಡು ದಿನ ಬಿಟ್ಟು ಬನ್ನಿರೆಂದು ಕಳಿಸಿದೆ.

ರಿಪೇರಿಯವರು ಮಧ್ಯಾಹ್ನವೇ ಬೈಕಿನಲ್ಲಿ ಬಂದರು. ಚೌಕವನ್ನು ಓದಿ ಕುರ್ಚಿ ಎಳೆದುಕೊಂಡರು. ಸ್ವಚ್ಛ ಮಾಡುವ ತಂತ್ರಾಂಶ ತೆಗೆದುಹಾಕಿದ್ದನ್ನೆಲ್ಲ ಒಂದು ಕಡೆ ಉಳಿಸಿಟ್ಟುಕೊಂಡು, ಬೇಕಾದರೆ ಮರಳಿಸುತ್ತದೆ ಎಂದು ಅವರು ಮೊದಲು ಧೈರ್ಯ ಹೇಳಿದ್ದರು. ತೆರೆದು ನೋಡಿದರೆ ಆ ಜಾಗ ಖಾಲಿಯಿತ್ತು. ಡಿಸ್ಕು ತುಂಬಿಹೋಗಿದೆಯೆಂದು ಅವರು ಅಂದು ಉಳಿಸಿಟ್ಟದ್ದನ್ನೂ ಅಳಿಸಿದ್ದರು. ವಿಂಡೋಸನ್ನು ಹಿಂದಿನ ದಿನಾಂಕಕ್ಕೆ ಒಯ್ಯುವ ಸೌಲಭ್ಯವನ್ನೂ ಅದೇ ಕಾರಣಕ್ಕೆ ನಿಲ್ಲಿಸಿದ್ದರು. ಎರಡೂ ಅವರ ದಿನನಿತ್ಯದ ಪದ್ಧತಿ. ಬೇರೆಲ್ಲೂ ತೊಂದರೆ ಆಗಿರಲಿಲ್ಲವಂತೆ. ಕತ್ತಲಾಗುವ ತನಕ ಕೂತು, ನಾಳೆ ಮತ್ತೆ ಬರುತ್ತೇನೆಂದು ಹೋದರು. ಮಂಗಳವಾರವೂ ಬಂದರು, ಬುಧವಾರವೂ ಬಂದರು.

ಬುಧವಾರ ಶಾಲೆ ಬಿಟ್ಟ ಮೇಲೆ ಅಕ್ಕೋರು ಬಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು. ಅವರು ಬೇಡಕಿಹಾಳದವರು, ನಲವತ್ತರ ಆಚೀಚೆ. ಅಂಕಲಿಯ ಆಚೆ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ಒಂದನೆಯ ತರಗತಿಗೆ ಕಲಿಸುತ್ತಿದ್ದರು. ಒಂದು ಜ್ವರದ ನಂತರ ಎರಡೂ ಕಿವಿ ಮಂದವಾಗಿದ್ದವು. ಎಡಗಿವಿ ಅಷ್ಟಕ್ಕಷ್ಟೆ. ಬಲಗಿವಿಯಲ್ಲೇ ಅವರು ಜಗತ್ತನ್ನು ಕೇಳುತ್ತಿದ್ದುದು. ಆ ಬಲಗಿವಿಯ ಮಷಿನ್ ಬೆವರು ಇಳಿದು ಕೆಟ್ಟಿತ್ತು. ಕಂಪನಿಗೆ ಕಳಿಸಿದ್ದೆವು. ಒಳಗಿನ ಭಾಗ ಹೊಸದಾಗಿ ಹಾಕಿಸಿಕೊಂಡು ಅದು ಆ ವಾರವಷ್ಟೇ ವಾಪಸು ಬಂದಿತ್ತು. ಒಳಗಿನ ಭಾಗ ಹೊಸದೆಂದರೆ ಅದರಲ್ಲಿ ಏನೂ ಇಲ್ಲ ಎಂದರ್ಥ. ಅವರ ಹಳೆಯ ಹೊಂದಿಕೆಯನ್ನು ಕಂಪ್ಯೂಟರಿನಿಂದ ತೆಗೆದು ಅದಕ್ಕೆ ತುಂಬಬೇಕು.

ಕನ್ನಡಕಕ್ಕೆ ಗಾಜು ಹಾಕಿದಂತೆ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಅದು. ಅಕ್ಕೋರು ಅದಕ್ಕೆ ಮುಂಚಿನ ಒಂದು ವರ್ಷ ಮತ್ತೆ ಮತ್ತೆ ಬಂದಿದ್ದರು. ಒಮ್ಮೆ, ಶಾಲೆಯ ತಗಡಿನ ಮೇಲೆ ಮಳೆ ಬಿದ್ದರೆ ಬೇರೇನೂ ಕೇಳುವುದಿಲ್ಲ ಎಂದಿದ್ದರು. ಇನ್ನೊಮ್ಮೆ, ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋದರೆ ಕಿವಿ ಚುಚ್ಚಿದಂತಾಗುತ್ತದೆ ಎಂದಿದ್ದರು. ಬುದ್ಧ ವಿಹಾರದಲ್ಲಿ ವಂದನೆ ಹೇಳುವಾಗ ತಮ್ಮ ದನಿಯೇ ಗುಮ್ಮೆನ್ನುತ್ತದೆ ಎಂದಿದ್ದರು. ಪ್ರತಿ ಸಲ ನಾನು ಕೂದಲೆಳೆಯಷ್ಟು ಏರಿಸಿ, ಕೂದಲೆಳೆಯಷ್ಟು ಇಳಿಸಿ ಕಳಿಸುತ್ತಿದ್ದೆ. ಹಾಗೆ ಮಾಡುತ್ತ ಮಾಡುತ್ತ ಒಂದು ದಿನ ಅವರು ಬಂದು, ಹಿಂದಿನ ಸಾಲಿನ ಮಕ್ಕಳೂ ಕೇಳುತ್ತಿದ್ದಾರೆ, ಇನ್ನು ಮುಟ್ಟಬೇಡಿ ಎಂದಿದ್ದರು. ಅಲ್ಲಿಗೆ ಬಿಟ್ಟಿದ್ದೆ.

ಪರದೆಯ ಮೇಲಿನ ಚೌಕವನ್ನು ಅವರು ಬಾಗಿ ಓದಿದರು. "ಕ್ಲಾಸ್ ರಿಜಿಸ್ಟರ್ ಆಗಿಲ್ಲ ಅಂತೈತಿ. ನನ್ನ ಕ್ಲಾಸ ಏನ್ರಿ ಅದು?" ಎಂದು ನಕ್ಕರು. ಆಮೇಲೆ ಮೆಲ್ಲಗೆ, ಮುಂದಿನ ವಾರ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆ ನೋಡಲು ಬರುವವರಿದ್ದಾರೆ, ಒಂದನೆಯ ತರಗತಿಯ ಓದು ನೋಡುತ್ತಾರಂತೆ ಎಂದರು. ಕಿವಿ ಕೇಳದ ಅಕ್ಕೋರಿಗೆ ಸಣ್ಣ ಮಕ್ಕಳನ್ನು ಯಾಕೆ ಕೊಟ್ಟಿದ್ದೀರಿ ಎಂದು ಊರಿನಲ್ಲಿ ಒಬ್ಬಿಬ್ಬರು ಹಿಂದೆಯೇ ಕೇಳಿದ್ದರು. ಹೆಡ್‌ಮಾಸ್ತರರು ಅವರ ಪರ ನಿಂತಿದ್ದರು. ಅಕ್ಕೋರಿಗೆ ಆ ತರಗತಿ ಎಂದರೆ ಪ್ರಾಣ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಎರಡೂ ಕಲೆತ ಮಾತು, ಶಾಲೆಯಲ್ಲಿ ಪುಸ್ತಕದ ಕನ್ನಡ. ಅಂಥ ಮಕ್ಕಳ ಬಾಯಿಂದ ಮೊದಲ ಅಕ್ಷರ ಸರಿಯಾಗಿ ಹೊರಡಿಸುವುದು ಅವರ ಕೆಲಸ. ಮಗು ಏನು ಉಚ್ಚರಿಸಿತು ಎಂದು ಕೇಳದಿದ್ದರೆ ತಿದ್ದುವುದು ಹೇಗೆ?

ಕಿವಿ ಮಷಿನ್ ಕಂಪನಿಯ ಎಂಜಿನಿಯರು ಪುಣೆಯಲ್ಲಿದ್ದರು, ಬೇರೆ ಊರುಗಳ ಕೆಲಸ ಮುಗಿಸಿ ಬರಲು ಒಂದು ವಾರ ಬೇಕೆಂದರು. ಗುರುವಾರ ಅವರ ಕಚೇರಿಗೆ ಫೋನು ಮಾಡಿದೆವು. ಅಲ್ಲಿ ಮಾತಾಡಿದ ಹೆಣ್ಣುಮಗಳು ಮರಾಠಿಯಲ್ಲಿ ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡು, ತಂತ್ರಾಂಶದ ಸಿ.ಡಿ. ಹಾಕಿ ಇದ್ದುದರ ಮೇಲೆಯೇ ಮತ್ತೊಮ್ಮೆ ಕೂರಿಸಿರಿ ಎಂದಳು. "ಡೇಟಾ ಜಾತ್ ನಾಹೀ, ಕಾಳಜಿ ಕರೂ ನಕಾ." ಇದ್ದ ಮಾಹಿತಿ ಹೋಗುವುದಿಲ್ಲ, ಚಿಂತೆ ಬೇಡ. ಆಕೆ ಹೇಳಿದ್ದು ಸುಳ್ಳಲ್ಲ. ಎಲ್ಲ ಕಡೆ ಹಾಗೆಯೇ ಮಾಡುತ್ತಿದ್ದರು.

ರಿಪೇರಿಯವರು ಎಚ್ಚರಿಕೆಯವರು. ಕೂರಿಸುವ ಮೊದಲು ತಂತ್ರಾಂಶದ ಫೋಲ್ಡರನ್ನು ಇಡಿಯಾಗಿ ಒಂದು ಪೆನ್ ಡ್ರೈವಿಗೆ ಎತ್ತಿಟ್ಟರು. "ಏನಾರ ಆದ್ರ ಇದು ಐತ್ರಿ ಮ್ಯಾಡಂ," ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಸಿ.ಡಿ. ತಿರುಗಿತು. ಹಸಿರು ಪಟ್ಟಿ ಮೆಲ್ಲಗೆ ತುಂಬುತ್ತ ಹೋಗಿ ಯಶಸ್ವಿಯಾಯಿತೆಂದು ತೋರಿಸಿತು. ತೆರೆದೆ. ಬೂದು ಚೌಕ ಬರಲಿಲ್ಲ. ಪೆಟ್ಟಿಗೆಯ ದೀಪ ಹತ್ತಿತು. ರಿಪೇರಿಯವರು ಉಸಿರು ಬಿಟ್ಟು ಹಿಂದಕ್ಕೆ ಒರಗಿದರು.

ಹೆಸರುಗಳ ಪಟ್ಟಿ ತೆರೆದೆ. ಬಿಳಿಯ ಹಾಳೆ. ಒಂದು ಹೆಸರೂ ಇಲ್ಲ.

ಏನಾಗಿತ್ತೆಂದು ಆಮೇಲೆ ಎಂಜಿನಿಯರು ಬಂದು ವಿವರಿಸಿದರು. ಇಲ್ಲಿ ನಾನು ಮೊದಲೇ ಇದ್ದೇನೆ, ನನ್ನ ಮಾಹಿತಿ ಇಂಥ ಕಡೆ ಇದೆ ಎಂದು ಆ ತಂತ್ರಾಂಶ ರಿಜಿಸ್ಟ್ರಿಯಲ್ಲಿ ಬರೆದಿಟ್ಟಿತ್ತು. ಸ್ವಚ್ಛತೆಯಲ್ಲಿ ಆ ಬರಹ ಹೋಗಿತ್ತು. ಹೊಸದಾಗಿ ಕೂರಿಸುವಾಗ ಹಳೆಯದರ ಸುಳಿವೇ ಸಿಗದೆ, ಇದು ಹೊಸ ಕಂಪ್ಯೂಟರು ಎಂದುಕೊಂಡು, ಹಳೆಯ ಮಾಹಿತಿ ಇದ್ದ ಜಾಗದಲ್ಲೇ ಖಾಲಿ ಮಾಹಿತಿ ಬರೆದುಬಿಟ್ಟಿತ್ತು. ಬೂದು ಚೌಕ ತೋರಿಸುತ್ತಿದ್ದ ಆ ಮೂರು ದಿನ ಎಲ್ಲರ ಹೊಂದಿಕೆಗಳೂ ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇದ್ದವು. ಪೆನ್ ಡ್ರೈವಿನಲ್ಲಿ ತಂತ್ರಾಂಶ ಇತ್ತು, ಹೆಸರುಗಳಿರಲಿಲ್ಲ. ಹೆಸರುಗಳು ಬೇರೊಂದು ಫೋಲ್ಡರಿನಲ್ಲಿ, ಕಣ್ಣಿಗೆ ಕಾಣದಂತೆ ಮುಚ್ಚಿಟ್ಟ ಜಾಗದಲ್ಲಿರುತ್ತವೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿದ್ದ ಒಂದೇ ಒಂದು ಹಳೆಯ ಪ್ರತಿ, ಅಕ್ಕೋರು ಮೊದಲ ಸಲ ಬರುವುದಕ್ಕೂ ಹಿಂದಿನದು.

ಅಳಿಸಿದ್ದನ್ನು ಮರಳಿ ಹುಡುಕುವ ತಂತ್ರಾಂಶವನ್ನು ರಿಪೇರಿಯವರು ಶುಕ್ರವಾರವಿಡೀ ಓಡಿಸಿದರು. ಸಿಕ್ಕಿದ್ದು ಅರ್ಧಂಬರ್ಧ ತುಂಡು. ಅದರಲ್ಲಿ ಕೆಲವರ ಹೆಸರಿನ ಚೂರು, ಉಳಿದದ್ದು ಗೀಚಿದಂಥ ಚಿಹ್ನೆಗಳು. ಅವರು ಪರದೆಯಿಂದ ಕಣ್ಣು ತೆಗೆಯದೆ, "ನಾ ಒಳ್ಳೇದಾಗ್ಲಿ ಅಂತ ಮಾಡಿದ್ನಿರಿ," ಎಂದರು. ಅದನ್ನು ಅನುಮಾನಿಸಲು ನನಗೆ ಕಾರಣವಿರಲಿಲ್ಲ.

ಉಳಿದವರ ಮಷಿನ್‌ಗಳಿಂದ ಚಿಂತೆಯಿರಲಿಲ್ಲ. ಹೊಂದಿಕೆಯ ಇನ್ನೊಂದು ಪ್ರತಿ ಆಯಾ ಮಷಿನ್‌ನ ಒಳಗೇ ಇರುತ್ತದೆ, ಅವರು ಬಂದಾಗ ಓದಿಕೊಂಡರಾಯಿತು. ಅಕ್ಕೋರ ಎಡಗಿವಿಯದನ್ನೂ ಹಾಗೆಯೇ ಓದಿಕೊಂಡೆ. ಬಲಗಿವಿಯದು ಮಾತ್ರ ಎಲ್ಲೂ ಇರಲಿಲ್ಲ. ಅವರ ಕಿವಿ ಪರೀಕ್ಷೆಯ ನಕ್ಷೆ ಕಾಗದದ ಮೇಲಿತ್ತು. ಆ ಲೆಕ್ಕದ ಮೇಲೆ ತಂತ್ರಾಂಶ ತಾನಾಗಿ ಒಂದು ಹೊಂದಿಕೆ ಹಾಕಿಕೊಡುತ್ತದೆ. ಅದನ್ನೇ ತುಂಬಿ ಶನಿವಾರ ಅವರ ಕಿವಿಗಿಟ್ಟೆ. ಡಾಕ್ಟರೂ ಬಂದು ನಿಂತರು. ನಾನು ಬಾಯಿಗೆ ಕೈ ಅಡ್ಡ ಹಿಡಿದು ಒಂದೊಂದೇ ಶಬ್ದ ಹೇಳಿದೆ. ಅಕ್ಕೋರು ಸ್ವಲ್ಪ ಹೊತ್ತು ತಲೆ ವಾಲಿಸಿ ಕೇಳಿದರು.

"ದನಿ ಐತ್ರಿ," ಎಂದರು. "ಮಾತಿಲ್ಲ."

ಕೆಲವು ವಾರ ಹಾಕಿಕೊಂಡರೆ ರೂಢಿಯಾಗುತ್ತದೆ ಎಂದರು ಡಾಕ್ಟರು. ಅದು ನಾವು ಎಲ್ಲರಿಗೂ ಹೇಳುವ ಮಾತು, ಬಹಳ ಮಂದಿಯ ವಿಷಯದಲ್ಲಿ ನಿಜವೂ ಹೌದು. ಆದರೆ ಅಕ್ಕೋರಿಗೆ ವಾರಗಳಿರಲಿಲ್ಲ. ನಾನು ಹಿಂದಿನ ಹೊಂದಿಕೆಯನ್ನು ನೆನಪಿನಿಂದ ಕಟ್ಟಲು ಯತ್ನಿಸಿದೆ. ಮೇಲಿನ, ಚೂಪಾದ ದನಿಗಳನ್ನು ಏರಿಸಿದ್ದು ನೆನಪಿತ್ತು. ಎಷ್ಟು? ಟ್ರ್ಯಾಕ್ಟರಿನ ಮಾತು ಬಂದಾಗ ಯಾವುದನ್ನು ಇಳಿಸಿದೆ? ಮಳೆಗೆ ಏನು ಮಾಡಿದೆ? ಒಂದೊಂದು ಸಲದ ಸಣ್ಣ ಬದಲಾವಣೆಗೂ ಅಂದು ಒಂದು ಕಾರಣವಿತ್ತು, ಅವರು ಹೇಳಿದ ಒಂದು ಮಾತಿತ್ತು. ಅದನ್ನೆಲ್ಲ ಕಂಪ್ಯೂಟರು ಇಟ್ಟುಕೊಂಡಿದೆ ಎಂಬ ಧೈರ್ಯದಲ್ಲಿ ನನ್ನ ತಲೆ ಅದನ್ನು ಬಿಟ್ಟುಕೊಟ್ಟಿತ್ತು. ನಾನೇ ಮಾಡಿದ ಕೆಲಸ ಬೇರೆ ಯಾರೋ ಮಾಡಿದ್ದರಷ್ಟೇ ದೂರವಾಗಿತ್ತು.

ಅವತ್ತು ನಾನು ಒಂದು ನಿರ್ಧಾರ ಮಾಡಿದೆ. ಕೋಣೆಯೊಳಗೆ ನನ್ನ ದನಿಗೆ ಹೊಂದಿಸಿ ಉಪಯೋಗವಿಲ್ಲ, ಅವರ ತರಗತಿಯಲ್ಲೇ, ಆ ಮಕ್ಕಳ ದನಿಗೇ ಹೊಂದಿಸಬೇಕು. ಡಾಕ್ಟರು ಮೊದಲು ಒಪ್ಪಲಿಲ್ಲ. ಸದ್ದು ಬರದ ಕೋಣೆಯಲ್ಲಿ ಮಾಡುವ ಕೆಲಸವನ್ನು ಗದ್ದಲದಲ್ಲಿ ಮಾಡಿದರೆ ಲೆಕ್ಕ ತಪ್ಪುತ್ತದೆ ಎಂದರು. ಅದೂ ಸರಿಯೇ. ಕೊನೆಗೆ ತಮ್ಮ ಲ್ಯಾಪ್‌ಟಾಪ್ ಕೊಟ್ಟರು. ರಿಪೇರಿಯವರು ಅದರಲ್ಲಿ ತಂತ್ರಾಂಶ ಕೂರಿಸಿ, ಬೇರೆ ಏನನ್ನೂ ಮುಟ್ಟದೆ ಕೊಟ್ಟರು.

ಸೋಮವಾರ ಅಂಕಲಿಯ ಬಸ್ಸು ಹಿಡಿದು, ಅಲ್ಲಿಂದ ಟಂಟಂ ರಿಕ್ಷಾದಲ್ಲಿ ಆ ಊರಿಗೆ ಹೋದೆ. ಹೆಡ್‌ಮಾಸ್ತರರು ಒಂದು ಬೆಂಚು ಹಾಕಿಸಿಕೊಟ್ಟರು. ಅಕ್ಕೋರ ಕಿವಿಯ ಮಷಿನ್‌ನಿಂದ ಸಣ್ಣ ತಂತಿ ಇಳಿದು ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ. ಮಕ್ಕಳಿಗೆ ಅದು ದೊಡ್ಡ ಸೋಜಿಗ. ಒಬ್ಬೊಬ್ಬರಾಗಿ ಒಂದು ಶಬ್ದ ಹೇಳಬೇಕು, ಅಕ್ಕೋರು ಅವರಿಗೆ ಬೆನ್ನು ತಿರುಗಿಸಿ ನಿಂತು ಕೇಳಿದ್ದನ್ನು ಫಳಿಯ, ಅಂದರೆ ಕರಿಹಲಗೆಯ ಮೇಲೆ ಬರೆಯಬೇಕು. ಕಾಲು, ಸಾಲು, ಹಾಲು, ಚಾಲು. ಇವನ್ನು ನಾನು ಬೇಕೆಂದೇ ಆರಿಸಿದ್ದೆ. ಮೊದಲ ಅಕ್ಷರ ಕೇಳದಿದ್ದರೆ ನಾಲ್ಕೂ ಒಂದೇ ಆಗಿಬಿಡುತ್ತವೆ.

ಮೊದಲ ಸುತ್ತಿನಲ್ಲಿ ಅಕ್ಕೋರು ನಾಲ್ಕಕ್ಕೂ ಕಾಲು ಎಂದೇ ಬರೆದರು. ತಿರುಗಿ ಮಕ್ಕಳ ಮುಖ ನೋಡಿ, ತಪ್ಪಾಗಿದೆಯೆಂದು ಅರಿತು, ಅಂಗೈಯಿಂದಲೇ ಒರೆಸಿದರು. ನಾನು ಮೇಲಿನ ದನಿಗಳನ್ನು ಒಂದು ಮೆಟ್ಟಿಲು ಏರಿಸಿದೆ. ಹಾಲು ಬಂತು. ಇನ್ನೊಂದು ಏರಿಸಿದೆ. ಚಾಲು ಬಂತು. ಸಾಲು ಬರುತ್ತಿರಲಿಲ್ಲ. ಅದಕ್ಕಾಗಿ ಇನ್ನೂ ಏರಿಸಿದರೆ ಮಷಿನ್ ಕುಯ್ಯೆಂದು ಸಿಳ್ಳೆ ಹೊಡೆಯಿತು. ಮಕ್ಕಳು ಗೊಳ್ಳೆಂದರು. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿರಬಹುದೆಂದು ತೆಗೆದು ಒರೆಸಿ ಒತ್ತಿ ಕೂರಿಸಿದೆ. ಸಿಳ್ಳೆ ಕಡಿಮೆಯಾಯಿತು, ನಿಲ್ಲಲಿಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಯಿತು. ಅಕ್ಕೋರು ಕಿವಿ ಒತ್ತಿಕೊಂಡು ಕುರ್ಚಿ ಹಿಡಿದರು. ಎಲ್ಲವನ್ನೂ ಸ್ವಲ್ಪ ಇಳಿಸಬೇಕಾಯಿತು. ಇಳಿಸಿದೊಡನೆ ಚಾಲು ಮತ್ತೆ ಕಾಲು ಆಯಿತು.

ಮಧ್ಯಾಹ್ನದ ಊಟದ ಗಂಟೆ ಆಗುವ ಹೊತ್ತಿಗೆ ಮುಂದಿನ ಸಾಲುಗಳ ಮಕ್ಕಳು ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿ ಬರುತ್ತಿತ್ತು. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ಉಳಿದಿದ್ದಳು. ಕುರಿ ಕಾಯುವ ಮನೆತನದವಳು, ಮನೆ ಊರಾಚೆ ಹೊಲದಲ್ಲಿ. ಅವಳ ದನಿ ತುಟಿ ದಾಟಿ ಹೊರಬರುತ್ತಿದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಅವಳು ಸಾಲು ಎಂದಳು. ನನ್ನ ಸರಿಯಿರುವ ಕಿವಿಗೇ ಅದು ಕಷ್ಟಪಟ್ಟು ಬಿತ್ತು. ಅಕ್ಕೋರ ಕೈ ಫಳಿಯ ಮುಂದೆ ಎದ್ದದ್ದು ಹಾಗೇ ನಿಂತಿತು. ಅವರು ಏನನ್ನೂ ಬರೆಯಲಿಲ್ಲ.

"ಹೇಳಿದಳೇನ್ರಿ?" ಎಂದು ನನ್ನನ್ನು ಕೇಳಿದರು.

ಹೇಳಿದಳು ಎಂದೆ. ಇನ್ನೊಮ್ಮೆ ಹೇಳಿಸಿದೆವು. ಮತ್ತೊಮ್ಮೆ. ಅಕ್ಕೋರು ಹೋಗಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಕಿವಿ ಕೊಟ್ಟರು. ಆಗ ಏನೋ ಕೇಳಿತು. ನನ್ನ ಕಡೆ ತಿರುಗಿ, "ಮೊದ್ಲ ಈಕಿನ್ನ ಇಲ್ಲಿಂದ ಫಳಿ ತನಕ ಕೇಳ್ತಿದ್ನಿರಿ. ನೀವ ಮಾಡಿಕೊಟ್ಟಿದ್ರಿ," ಎಂದರು.

ಆಗ ನನಗೆ ನೆನಪಾಯಿತು. ಅವರು ಕೊನೆಯ ಸಲ ಬಂದಾಗ, ತರಗತಿಯಲ್ಲಿ ಒಂದು ಕೂಸು ಬಹಳ ಮೆಲ್ಲಗೆ ಮಾತಾಡುತ್ತದೆ, ಅದೊಂದು ಕೇಳಿಸುವಂತೆ ಮಾಡಿಕೊಡಿ ಎಂದಿದ್ದರು. ನಾನು ಏನೋ ಬದಲಾಯಿಸಿದ್ದೆ. ಬಹುಶಃ ಮೆಲ್ಲನೆಯ ದನಿಗಳನ್ನಷ್ಟೇ ಎತ್ತಿಕೊಡುವ ಒಂದು ಹೊಂದಿಕೆ. ಬೆಂಚಿನ ಮೇಲೆ ಕೂತು ಅದೊಂದನ್ನೇ ಹತ್ತಾರು ರೀತಿ ಬದಲಿಸಿ ನೋಡಿದೆ. ಹುಡುಗಿ ಬೇಸರಪಡದೆ ಪ್ರತಿ ಸಲವೂ ಹೇಳಿದಳು. ಒಮ್ಮೆ ಬಂದಂತಾಯಿತು, ಆದರೆ ಅದರೊಂದಿಗೆ ಚಪ್ಪಲಿಯ ಸದ್ದು, ಹಾಳೆಯ ಸದ್ದು, ಹೊರಗಿನ ಗಾಳಿ ಎಲ್ಲವೂ ಬಂದು ಅಕ್ಕೋರ ತಲೆ ಸುತ್ತಿತು. ಸಂಜೆ ಬಸ್ಸಿನ ಹೊತ್ತಾಯಿತು. ಇದ್ದುದರಲ್ಲಿ ಸರಿಯೆನಿಸಿದ್ದನ್ನು ಮಷಿನ್‌ಗೆ ತುಂಬಿ, ಎರಡು ಕಡೆ ಪ್ರತಿ ಇಟ್ಟು ಬಂದೆ.

ಸಾಹೇಬರು ಆ ವಾರವೇ ಬಂದರು. ಅಲ್ಲಿ ನಾನಿರಲಿಲ್ಲ, ಅಕ್ಕೋರು ಆಮೇಲೆ ಹೇಳಿದ್ದು. ಮಕ್ಕಳು ಚೆನ್ನಾಗಿ ಓದಿದರು. ಕೊನೆಗೆ ಸಾಹೇಬರು ತಾವಾಗಿಯೇ ಆ ಮೆಲ್ಲನೆ ಮಾತಾಡುವ ಹುಡುಗಿಯನ್ನು ಎಬ್ಬಿಸಿ, ಫಳಿಯ ಮೇಲಿದ್ದ ಒಂದು ಶಬ್ದ ಓದಲು ಹೇಳಿದರು. ಹುಡುಗಿಯ ತುಟಿ ಅಲುಗಾಡಿತು. ಅಕ್ಕೋರಿಗೆ ಕೇಳಲಿಲ್ಲ. ಆದರೂ ಅವಳಿಗೆ ಧೈರ್ಯ ಬರಲೆಂದು, ಸರಿಯಾಗಿಯೇ ಓದಿದಳು ಎಂಬಂತೆ, "ಶಾಣ್ಯಾಕಿ, ಬರೋಬ್ಬರಿ ಐತಿ," ಎಂದು ತಲೆ ಸವರಿದರು. ಮಕ್ಕಳು ನಕ್ಕರು. ಯಾಕೆ ನಕ್ಕರೆಂದು ಅಕ್ಕೋರಿಗೆ ಗೊತ್ತಾಗಲಿಲ್ಲ. ಸಾಹೇಬರು ಹುಡುಗಿಯ ಹತ್ತಿರ ಬಾಗಿ, ಅವಳು ತಪ್ಪಾಗಿ ಓದಿದ ಅಕ್ಷರವನ್ನು ಮೆಲ್ಲಗೆ ತಿದ್ದಿದರು. ಒಳ್ಳೆಯ ಮನುಷ್ಯ, ಯಾವ ಕಾಗದದಲ್ಲೂ ಏನನ್ನೂ ಬರೆಯಲಿಲ್ಲ. ಚಹಾ ಕುಡಿದು, ಎಲ್ಲ ಚೆನ್ನಾಗಿದೆ ಎಂದು ಹೋದರು.

ಮರುದಿನ ಅಕ್ಕೋರು ತಾವೇ ಹೆಡ್‌ಮಾಸ್ತರರಲ್ಲಿ ಹೋಗಿ, ಬರುವ ವರ್ಷದಿಂದ ತಮಗೆ ಏಳನೆಯ ತರಗತಿ ಕೊಡಿರೆಂದು ಕೇಳಿಕೊಂಡರು. ಅವಸರ ಮಾಡಬೇಡಿ, ಇನ್ನೂ ನಾಲ್ಕು ಸಲ ಕೂತು ನೋಡೋಣ ಎಂದು ನಾನು ಫೋನಿನಲ್ಲಿ ಹೇಳಿದೆ. ಅವರು ಬಂದರು ಕೂಡ. ಪ್ರತಿ ಸಲ ಒಂದಿಷ್ಟು ಸುಧಾರಿಸಿತು. ನಿರ್ಧಾರ ಬದಲಾಗಲಿಲ್ಲ. "ದೊಡ್ಡ ಹುಡುಗ್ರು ಗಟ್ಯಾಗಿ ಮಾತಾಡ್ತಾರ್ರಿ," ಎಂದರು. "ತಪ್ಪ ಓದಿದ್ದನ್ನ ಬರೋಬ್ಬರಿ ಅಂತ ನಾ ಹೆಂಗ ಹೇಳ್ಲಿ, ನೀವ ಹೇಳ್ರಿ."

ಎಂಜಿನಿಯರು ಬಂದಾಗ ಕಂಪ್ಯೂಟರನ್ನು ಬಿಚ್ಚಿ ನೋಡಿದರು. ರಿಪೇರಿಯವರನ್ನೂ ಕರೆಸಿದ್ದೆವು. ನಿಧಾನಕ್ಕೆ ಕಾರಣ ರಿಜಿಸ್ಟ್ರಿ ಆಗಿರಲೇ ಇಲ್ಲ. ಯಂತ್ರದ ಮೆಮೊರಿ ಕಡಿಮೆಯಿತ್ತು, ಮೇಲಿಂದ ವೈರಸ್ ತಡೆಯುವ ಎರಡು ತಂತ್ರಾಂಶಗಳು ಒಂದರ ಮೇಲೊಂದು ಕೂತಿದ್ದವು. ಒಂದನ್ನು ತೆಗೆದು, ಒಂದು ಮೆಮೊರಿ ಪಟ್ಟಿ ಸೇರಿಸಿದರು. ಚಹಾಕ್ಕೆ ಹೋಗುವ ಮೊದಲೇ ಕಂಪ್ಯೂಟರು ಎದ್ದು ನಿಂತಿತು. ಹಾಗಾದರೆ ಆ ಸ್ವಚ್ಛತೆಯಿಂದ ಏನೂ ಪ್ರಯೋಜನವಿಲ್ಲವೇ ಎಂದು ಡಾಕ್ಟರು ಕೇಳಿದರು. ಹಳೆಯ ಬೇಡದ ಬರಹಗಳು ರಿಜಿಸ್ಟ್ರಿಯಲ್ಲಿ ಸಾವಿರ ಬಿದ್ದಿದ್ದರೂ ಅವು ಹಿಡಿಯುವ ಜಾಗ ಅತ್ಯಲ್ಪ, ವಿಂಡೋಸ್ ಅವನ್ನು ಸುಮ್ಮನೆ ಬಿಟ್ಟು ತನಗೆ ಬೇಕಾದ್ದನ್ನಷ್ಟೇ ಹುಡುಕಿಕೊಳ್ಳುತ್ತದೆ, ತೆಗೆದರೆ ವೇಗ ಹೆಚ್ಚಿದ್ದು ಗೊತ್ತೂ ಆಗುವುದಿಲ್ಲ ಎಂದರು ಎಂಜಿನಿಯರು. ನಾನು ಕಂಡ ಆ ಸ್ವಲ್ಪ ವೇಗ, ರಿಪೇರಿಯವರು ಆ ದಿನ ಬೇಡದ ಒಂದೆರಡು ತಂತ್ರಾಂಶಗಳನ್ನು ತೆಗೆದಿದ್ದರಿಂದ ಬಂದದ್ದು. ಸ್ವಚ್ಛ ಮಾಡುವ ತಂತ್ರಾಂಶಕ್ಕೆ ಯಾವುದು ಬೇಕು, ಯಾವುದು ಬೇಡ ಎಂದು ಖಚಿತವಾಗಿ ತಿಳಿಯುವುದಿಲ್ಲ, ಊಹಿಸುತ್ತದೆ. ನಮ್ಮ ಪೆಟ್ಟಿಗೆ ಅಂದು ಬೀರುವಿನಲ್ಲಿತ್ತು. ಕಂಪ್ಯೂಟರಿಗೆ ಜೋಡಿಸಿರದ ವಸ್ತುವಿನ ಬರಹಗಳನ್ನು ಕಂಡು ಅದು ವಾರಸುದಾರರಿಲ್ಲದವೆಂದು ಭಾವಿಸಿತು.

ರಿಪೇರಿಯವರು ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ತಾವು ಆ ತಂತ್ರಾಂಶ ಹಾಕಿದ ಕಡೆಗಳಿಗೆಲ್ಲ ಹೋಗಿ ತೆಗೆದು ಬಂದರೆಂದು ಕೆಲವು ವಾರಗಳ ನಂತರ ಗೊತ್ತಾಯಿತು. ಅಲ್ಲಿನ ಕೆಲವರು ಬೇಡವೆಂದು ತಕರಾರು ಮಾಡಿದರಂತೆ. ಕೆಂಪು ಅಕ್ಷರಗಳು ಹಸಿರಾಗುವುದನ್ನು ನೋಡಿ ಅವರಿಗೆ ಸಮಾಧಾನವಾಗುತ್ತಿತ್ತು.

ಅಕ್ಕೋರು ಮುಂದಿನ ವರ್ಷ ದೀಪಾವಳಿಯ ನಂತರ ವರ್ಷದ ಪರೀಕ್ಷೆಗೆ ಬಂದರು. ಆಗ ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದರು. ಚೆನ್ನಾಗಿ ನಡೆದಿದೆ ಎಂದರು. ಸದ್ದು ಬರದ ಕೋಣೆಯಲ್ಲಿ ಕೂರಿಸಿ ಎಡಗಿವಿಯ ಪರೀಕ್ಷೆ ಮುಗಿಸಿ, ಬಲಗಿವಿಗೆ ಬದಲಿಸುವ ನಡುವೆ ಅವರ ಕಿವಿಯ ಹತ್ತಿರ ಬಾಗಿ ಆ ಹುಡುಗಿಯ ಬಗ್ಗೆ ಕೇಳಿದೆ. ಎರಡನೆಯ ತರಗತಿಯಲ್ಲಿದ್ದಾಳೆ, ಓದುತ್ತಾಳೆ ಎಂದರು. ಆಮೇಲೆ ತಾವಾಗಿಯೇ ಹೇಳಿದರು.

"ಅಂಗಳದಾಗ ನನ್ನ ಕಂಡ್ರ ಓಡಿ ಬರ್ತಾಳ್ರಿ. ಗಟ್ಯಾಗಿ ಒದರಿ ಮಾತಾಡ್ತಾಳ. ಅಕ್ಕೋರಿಗೆ ಕೇಳಂಗಿಲ್ಲಂತ ತಾನ ಕಲತಾಳ. ಯಾರೂ ಹೇಳಿಲ್ಲ." ಮಡಿಲಲ್ಲಿದ್ದ ಮಷಿನ್‌ಗಳನ್ನು ಕರವಸ್ತ್ರದಲ್ಲಿ ಸುತ್ತಿದರು. "ಈಗ ಎಲ್ಲಾರ ಜೋಡೀನೂ ಹಂಗ ಮಾತಾಡ್ತಾಳಂತ. ಆ ಮೆಲ್ಲನ ದನಿ ಹೋತ್ರಿ ಮ್ಯಾಡಂ."

ಬಾಗಿಲು ಮುಚ್ಚಿ ಪರೀಕ್ಷೆ ಮುಂದುವರಿಸಿದೆ. ದನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಹೋದೆ. ಕೇಳಿದಾಗಲೆಲ್ಲ ಅವರು ಗಾಜಿನ ಆಚೆಯಿಂದ ಬೆರಳೆತ್ತಿ ತೋರಿಸುತ್ತಿದ್ದರು. ಒಂದು ಹಂತದಲ್ಲಿ ಬೆರಳು ಏಳುವುದು ನಿಂತಿತು. ನಕ್ಷೆಯ ಮೇಲೆ ಗುರುತು ಹಾಕಿದೆ. ಬಲಗಿವಿ ಹಿಂದಿನ ವರ್ಷಕ್ಕಿಂತ ಇಳಿದಿತ್ತು. ಹಳೆಯ ಹೊಂದಿಕೆ ಈಗ ಎಲ್ಲಾದರೂ ಸಿಕ್ಕರೂ ಆ ಕಿವಿಗೆ ಅದು ಸಾಲುತ್ತಿರಲಿಲ್ಲ.